ಮೂರು ಶಬ್ದದ ಪರೀಕ್ಷೆ

೧೯೮೬ರಲ್ಲಿ, ಏಳನೆಯ ಇಯತ್ತೆಯ ನಡುವೆಯೇ ನಾನು ಶಾಲೆ ಬಿಟ್ಟೆ. ಆಮೇಲೆ ದುಡಿದೆ. ಕಡಲೆ, ಹತ್ತಿ, ಗೋವಿನಜೋಳ ಬೆಳೆದೆ. ನಮ್ಮೂರು ಶಲವಡಿಯಲ್ಲಿ ನನ್ನಷ್ಟು ನೆಟ್ಟಗೆ ಸಾಲು ಬಿತ್ತುವವರಿದ್ದರೆ ತೋರಿಸಲಿ. ಮಗಳನ್ನು ಮಾತ್ರ ಎಲ್ಲಿಯವರೆಗೆ ಓದುತ್ತಾಳೋ ಓದಲಿ ಎಂದು ಬಿಟ್ಟೆ. ನಸುಕಿನಲ್ಲಿ ಕಾಲುವೆ ದಂಡೆಯ ಮೇಲೆ ಓಡುತ್ತಿದ್ದ ಹುಡುಗಿ ಆಕೆ. ಓಡುವಾಗ ಮೈಯೊಳಗೆ ಏನಾಗುತ್ತದೆ ಎಂಬುದನ್ನೇ ಓದಿ ಈಗ ಧಾರವಾಡದಲ್ಲಿ ಸಂಶೋಧಕಿಯಾಗಿದ್ದಾಳೆ. ವಯಸ್ಸಾದವರ ನೆನಪು ತಿನ್ನುವ ಆಲ್ಝೈಮರ್ ರೋಗಕ್ಕೂ ಮೈ ದಣಿಸುವುದಕ್ಕೂ ಏನು ಸಂಬಂಧ ಎಂದು ಹುಡುಕುವುದು ಅವಳ ಕೆಲಸ. ಹೆಸರಿನ ಮುಂದೆ ಡಾಕ್ಟರ್ ಅಂತ ಇದೆ. ಜ್ವರ ತೋರಿಸಲು ಬಂದವರಿಗೆ ‘ಆ ಡಾಕ್ಟರ್ ಅಲ್ರಿ’ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಆದರೂ ಹೇಳುವುದರಲ್ಲಿ ಒಂದು ಸುಖವಿದೆ.

ಹೋದ ವರ್ಷ ಮುದುಕರನ್ನು ಪರೀಕ್ಷಿಸಲು ಆಕೆ ನಮ್ಮೂರನ್ನೇ ಆರಿಸಿದಳು. ಕೈಹಿಡಿತದ ಬಲ ಅಳೆಯುವುದು, ಆರು ನಿಮಿಷ ನಡೆಸುವುದು, ಮೂರು ಶಬ್ದ ಹೇಳಿ ಸ್ವಲ್ಪ ಹೊತ್ತಿನ ಮೇಲೆ ಮರಳಿ ಕೇಳುವುದು. ನೆನಪು ಕಡಿಮೆಯಾದವರನ್ನು ಆಮೇಲೆ ದಿನಾ ನಡೆಸಿ ನೋಡುವುದು. ನಾನು ಡಂಗುರ ಹೊಡೆಸಿದೆ. ಚಹಾದಂಗಡಿಯಲ್ಲಿ ನಿಂತು ‘ಊರ ಮಾನದ ಪ್ರಶ್ನೆ ಐತ್ರಿ’ ಎಂದೆ.

ಊರು ಮಾನ ಕಾಯಲು ತಯಾರಾಗಿಯೇ ಬಂತು. ಇಸ್ತ್ರಿ ಮಾಡಿದ ಧೋತರ ಉಟ್ಟವರ ಸಾಲು ಸಮುದಾಯ ಭವನದ ಮುಂದೆ ಬೆಳೆಯಿತು. ಹಿಡಿತದ ಯಂತ್ರ ಕೈಗೆ ಬಂದಾಗ ನಮ್ಮ ಕಾಕಾ, ‘ಇದು ಮುರದ್ರ ನನ್ನ ಕೇಳಬ್ಯಾಡವಾ’ ಎಂದ. ಸ್ವಲ್ಪ ಹೊತ್ತಿಗೆ ಮಗಳು ಹೊರಗೆ ಬಂದು ನನ್ನ ಬಾಜು ನಿಂತಳು.

“ಅಪ್ಪಾ, ಎಲ್ಲಾರೂ ಪಾಸ್ ಆಗಾಕತ್ತಾರ.”

“ಮತ್ತ, ಶಲವಡಿ ಅಂದ್ರ ಏನಂತ ತಿಳದಿ?”

“ಈಗ ಬಂದವರು ನಾ ಕೇಳೂಕಿಂತ ಮೊದಲ ‘ಕುಡಗೋಲು, ಮಲ್ಲಿಗಿ, ಹಗ್ಗ’ ಅಂದ್ರು.”

ತಿರುಗಿ ನೋಡಿದರೆ ಪರೀಕ್ಷೆ ಮುಗಿಸಿದ ಕಾಕಾ ಸಾಲಿನ ಕೊನೆಯಲ್ಲಿದ್ದವನಿಗೆ ಪಾಠ ಮಾಡುತ್ತಿದ್ದ: “ಕುಡಗೋಲು ಮೊದಲು ಬರತೈತಿ ಲೇ, ಮಲ್ಲಿಗಿ ಆಮ್ಯಾಲೆ.”

“ನನ್ನ ಹತ್ರ ಬ್ಯಾರೆ ಶಬ್ದ ಅದಾವ, ಅದು ಹೋಗ್ಲಿ,” ಎಂದಳು ಮಗಳು. “ಎಲ್ಲಾ ಮನಿಯವ್ರೂ ಗಟ್ಟಿ ಇದ್ದವ್ರನ್ನ ಕಳಿಸಿ, ಮರಿಯೋರನ್ನ ಒಳಗ ಕೂಡಿಸ್ಯಾರ. ಅವ್ರು ಬರಲಿಲ್ಲಂದ್ರ ನಾ ಬ್ಯಾರೆ ಊರು ನೋಡಬೇಕಾಕ್ಕೈತಿ.”

ಆಕೆ ಯಾರ ಹೆಸರನ್ನೂ ಹೇಳಲಿಲ್ಲ. ನನ್ನ ಅವ್ವನೂ ಮನೆಯಲ್ಲೇ ಇದ್ದಳು. ಉಂಡ ಮೇಲೆ ರೊಟ್ಟಿ ಕೇಳುತ್ತಿದ್ದಳು, ತೀರಿಹೋದ ಅಪ್ಪ ಹೊಲದಿಂದ ಬಂದನೇ ಎನ್ನುತ್ತಿದ್ದಳು. ಯಾರಾದರೂ ಬಂದರೆ ಅವ್ವನಿಗೆ ಜ್ವರ ಎಂದು ಹೇಳಿ ಒಳಗೆ ಮಲಗಿಸುವುದು ನಮ್ಮ ರೂಢಿ. ತಲೆ ಕೆಟ್ಟ ಮನೆ ಎಂದು ಹೆಸರು ಬಂದರೆ ತಮ್ಮನ ಮಗಳಿಗೆ ಗಂಡು ಸಿಗಲಿಕ್ಕಿಲ್ಲ ಎಂಬ ಅಂಜಿಕೆ.

ಮನೆಗೆ ನಡೆದೆ. ಹೆಂಡತಿ ಅವ್ವನಿಗೆ ಇಳಕಲ್ ಸೀರೆ ಉಡಿಸಿದಳು. ಕೈ ಹಿಡಿದು, ಇಡೀ ಸಾಲಿನ ಮುಂದೆ ಹಾಯ್ದು ಭವನದೊಳಗೆ ಕರೆದುಕೊಂಡು ಹೋದೆ.

“ಆಯಿ, ಬಾಗಲಾ ಹಾಕ್ಲೇನು?” ಎಂದು ಮಗಳು ಅಜ್ಜಿಯನ್ನು ಕೇಳಿದಳು.

“ಯಾಕ ಹಾಕ್ತಿ? ಗಾಳಿ ಬರಲಿ,” ಎಂದಳು ಅವ್ವ.

ಹೊಸ ಮೂರು ಶಬ್ದ ಹೇಳಿದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಾಗ ಅವ್ವ ಯೋಚಿಸಿದಳು. “ನೀ ನನಗೇನೂ ಕೊಟ್ಟಿಲ್ಲಲ್ಲವಾ. ಚಾ ಸೈತ ಕೊಟ್ಟಿಲ್ಲ.” ಹೊರಗೆ ನಕ್ಕರು. ಅವ್ವ ಮತ್ತೆ, “ನೀ ಯಾರ ಮಗಳು?” ಎಂದಾಗ ನಗು ನಿಂತಿತು.

“ನಿನ್ನ ಮಗನ ಮಗಳು, ಆಯಿ.”

“ಹಂಗಾರ ಶಾಣೇಕಿ ಇರಬೇಕು.”

ಮಗಳು ಅದನ್ನೂ ಬರೆದುಕೊಂಡಳು. ಕಾಕಾ ಟೋಪಿ ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ, “ನನ್ನ ಹೇಣ್ತಿ, ನಿಮ್ಮ ಕಾಕೂನ್ನ ಕರಕೊಂಡ ಬರ್ತೀನಿ. ಒಲಿ ಮ್ಯಾಲೆ ಹಾಲಿಟ್ಟು ಮರೀತಾಳ” ಎಂದ. ಅವನ ಹಿಂದೆ ಇನ್ನಿಬ್ಬರು ಹೊರಟರು. ಸಂಜೆಯವರೆಗೂ ಬರುತ್ತಲೇ ಇದ್ದರು. ಆಕೆ ಬೇರೆ ಊರು ಹುಡುಕಲಿಲ್ಲ.

ನಡೆದರೆ ರೋಗ ಹೋಗುತ್ತದೆಯೇ ಎಂದು ಯಾರು ಕೇಳಿದರೂ ಮಗಳು, ‘ಗೊತ್ತಿಲ್ರಿ, ಅದನ್ನ ನೋಡಾಕತ್ತೀವಿ’ ಎನ್ನುತ್ತಾಳೆ. ಅಷ್ಟು ಓದಿದವಳು ಊರ ಮುಂದೆ ಗೊತ್ತಿಲ್ಲ ಎನ್ನುತ್ತಾಳಲ್ಲ, ಅದಕ್ಕೂ ನನಗೆ ಹೆಮ್ಮೆಯೇ. ತಮ್ಮನ ಮಗಳನ್ನು ನೋಡಲು ಮಿಶ್ರಿಕೋಟಿಯ ಗಂಡಿನ ಕಡೆಯವರು ಬಂದ ದಿನ ಅವ್ವ ಪಡಸಾಲೆಯಲ್ಲೇ ಕುಳಿತಿದ್ದಳು. ಸಂಬಂಧ ಕೂಡಿಬಂತು.

ಈಗ ನನಗೆ ಒಂಬತ್ತು ಎಕರೆ ಎರೆಹೊಲ ಇದೆ, ಒಂದು ಟ್ರ್ಯಾಕ್ಟರ್, ಎರಡು ಎಮ್ಮೆ, ಹೆಂಡತಿ, ಒಬ್ಬ ಮಗಳು, ಮತ್ತು ದಿನಾ ಸಂಜೆ ಶಾಲೆಯ ಬಯಲಿನಲ್ಲಿ ಹದಿನಾಲ್ಕು ಮಂದಿಯ ಜೊತೆ ನಡೆಯುವ ಅವ್ವ.