ಲೆಕ್ಕದಕ್ಕನ ತೊಂಬತ್ತಾರು ಸುತ್ತು

ಹೊಸ ಆಲ್ಬಮ್ ಕೇಳಿದವರೆಲ್ಲ ಮೊದಲ ಟ್ರಂಪೆಟ್ಟಿನವನನ್ನು ಬಾಯಿ ತುಂಬ ಹೊಗಳುತ್ತಾರೆ. ಹೊಗಳಲಿ ಬಿಡಿ, ಊದುವುದೂ ಹಾಗೇ ಊದುತ್ತಾನೆ. ಆದರೆ ಆ ಹದಿನೆಂಟು ಜನರ ಜಾಝ್ ಬ್ಯಾಂಡಿನ ನಡುಸಾಲಿನ ಕೊನೆಯಲ್ಲಿ, ಬಾಗಿಲ ಗಾಳಿ ಬಡಿಯುವ ಕುರ್ಚಿಯಲ್ಲಿ ಕೂರುವ ಹೆಂಗಸಿನ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಎತ್ತಬೇಕಾದದ್ದು ಅವಳದ್ದೇ.

ಆಕೆ ಆಪರೇಷನ್ ಥಿಯೇಟರಿನ ನರ್ಸು. ಇಪ್ಪತ್ತೆರಡು ವರ್ಷದಿಂದ ಎಣಿಸುವುದೇ ಅವಳ ಕೆಲಸ. ಹೊಟ್ಟೆ ಕೊಯ್ಯುವ ಮುಂಚೆ ಎಷ್ಟು ಬಟ್ಟೆ, ಎಷ್ಟು ಕತ್ತರಿ, ಎಷ್ಟು ಸೂಜಿ ಎಂದು ಎಣಿಸಿ, ಹೊಲಿಯುವ ಮುಂಚೆ ಅಷ್ಟೂ ಹೊರಗೆ ಬಂದಿವೆಯೇ ಎಂದು ಮತ್ತೆ ಎಣಿಸಬೇಕು. ಒಬ್ಬರೇ ಎಣಿಸುವ ಹಾಗಿಲ್ಲ; ಇಬ್ಬರು, ಬಾಯಿಬಿಟ್ಟು. ಒಂದು ಕಡಿಮೆ ಬಂತೋ, ಎಂಥ ದೊಡ್ಡ ಡಾಕ್ಟರಾದರೂ ಕೈ ತಡೆದು ನಿಲ್ಲಬೇಕು. ಎಣಿಸುವಾಗ ತಪ್ಪಿರಬಹುದು ಎಂದುಕೊಳ್ಳುವಂತೆಯೇ ಇಲ್ಲ. "ಒಂದು ಒಳಗಿದೆ ಸಾರ್" ಎಂದು ಅವಳು ಹೇಳಿದಳೆಂದರೆ ಹುಡುಕಲೇಬೇಕು.

ಸಂಜೆ ಅದೇ ಕೈ ಬೇಸ್ ಟ್ರೊಂಬೋನ್ ಹಿಡಿಯುತ್ತದೆ. ಹಿಂದೆ ಮುಂದೆ ಜಾರುವ ಉದ್ದನೆಯ ಕೊಳವೆ, ನೆಲ ನಡುಗಿಸುವ ದನಿ. ಆದರೆ ಊದುವುದಕ್ಕಿಂತ ಸುಮ್ಮನೆ ಕೂರುವುದೇ ಹೆಚ್ಚು. ಮನೆಯಲ್ಲಿ ಅತ್ತೆಗೆ ಇದೊಂದು ತಮಾಷೆ.

"ಅಲ್ಲಮ್ಮಾ, ಇಷ್ಟು ದೊಡ್ಡ ಕೊಳಾಯಿ ಹೊತ್ಕೊಂಡು ಹೋಗ್ತೀಯ, ಎರಡು ಸಲ ಭೊಂ ಅಂದು ವಾಪಸ್ ಬರ್ತೀಯ. ಅದಕ್ಯಾಕಿಷ್ಟು ಸಂಭ್ರಮ?"

"ಎರಡಲ್ಲ ಅತ್ತೆ, ಒಂಬತ್ತು ಸಲ."

"ಓಹೋ, ಅದನ್ನೂ ಎಣಿಸಿದ್ದೀಯಾ!"

ಬ್ಯಾಂಡಿನವರು ಅವಳನ್ನು ಲೆಕ್ಕದಕ್ಕ ಎನ್ನುತ್ತಿದ್ದರು. ಆಸ್ಪತ್ರೆಯ ಕೆಲಸಕ್ಕೆ ಇಟ್ಟ ಹೆಸರಿರಬೇಕು ಎಂದು ಹದಿನಾರು ವರ್ಷ ಅವಳು ನಂಬಿಕೊಂಡಿದ್ದಳು.

ಬ್ಯಾಂಡ್ ಕಟ್ಟಿದ ಮೇಷ್ಟ್ರಿಗೆ ದೇಶ ದೇಶದ ತಾಳಗಳ ಹುಚ್ಚು. ಮರಳುಗಾಡಿನ ಹೆಂಗಸರ ಚಪ್ಪಾಳೆ, ದ್ವೀಪದವರು ದೋಣಿಗೆ ಹುಟ್ಟು ಹಾಕುವ ಲಯ, ಸಿಕ್ಕಿದ್ದನ್ನೆಲ್ಲ ತಂದು ಜಾಝ್‌ಗೆ ಬೆಸೆದು ನಾಲ್ಕು ವರ್ಷ ತೇಯ್ದು ಈ ಆಲ್ಬಮ್ ಮಾಡಿದ್ದರು. ಕೊನೆಯ ಹಾಡೇ ಅದರ ಪ್ರಾಣ. ಹನ್ನೊಂದು ಪೆಟ್ಟಿನ ಸುತ್ತು. ಅದಕ್ಕಾಗಿಯೇ ಕಡಲಾಚೆಯಿಂದ ಒಬ್ಬ ಡೋಲಿನವನು ಬಂದಿದ್ದ. ನಡುವೆ ತೊಂಬತ್ತಾರು ಸುತ್ತು ಅವನ ಡೋಲು, ಮೇಷ್ಟ್ರ ಪಿಯಾನೋ ಅಷ್ಟೇ. ಊದುವ ಹದಿಮೂರು ಜನ ಗಪ್‌ಚುಪ್. ತೊಂಬತ್ತೇಳನೆಯ ಸುತ್ತಿನ ಮೊದಲ ಪೆಟ್ಟಿಗೆ ಹದಿಮೂರೂ ಜನ ಒಟ್ಟಿಗೆ ಎರಗಬೇಕು. ಕೈ ತೋರಿಸುವವರು ಯಾರೂ ಇಲ್ಲ: ಮೇಷ್ಟ್ರ ಎರಡೂ ಕೈ ಪಿಯಾನೋ ಮೇಲೆ, ಬೆನ್ನು ಇವರ ಕಡೆ. ಡೋಲಿನವನು ಮನಸ್ಸು ಬಂದ ಹಾಗೆ ಓಡುತ್ತಾನೆ, ನಿಧಾನಿಸುತ್ತಾನೆ. ಯಂತ್ರದ ಟಿಕ್‌ಟಿಕ್ಕಿಗೆ ಅವನು ಸಿಕ್ಕುವ ಆಸಾಮಿಯಲ್ಲ. ಎಣಿಸುವುದೊಂದೇ ದಾರಿ. ರೆಕಾರ್ಡಿಂಗ್ ದಿನವೇ ನಾಲ್ಕು ಗಂಟೆಗೆ ಅವನು ವಿಮಾನ ಹಿಡಿಯಲು ಹೊರಡಬೇಕಿತ್ತು.

ಮೊದಲ ಸಲ ರೆಕಾರ್ಡಿಂಗ್ ಚೆನ್ನಾಗಿಯೇ ನಡೆದಿತ್ತು. ಎಪ್ಪತ್ತೊಂದನೆಯ ಸುತ್ತಿನಲ್ಲಿ ಲೆಕ್ಕದಕ್ಕ, ಉಸಿರಿನ ಹಬೆಯಿಂದ ಕೊಳವೆಯಲ್ಲಿ ಕಟ್ಟಿದ್ದ ನೀರು ಹೊರಗೆ ಬಿಡಲು ವಾದ್ಯ ಎತ್ತಿದಳು ನೋಡಿ, ಉಳಿದ ಹನ್ನೆರಡೂ ಜನ ಭರ್ರನೆ ಊದಿಬಿಟ್ಟರು!

ಮೇಷ್ಟ್ರು ತಿರುಗಿದರು. "ಯಾರ್ರೀ ಅದು?"

"ಅಕ್ಕ ಎತ್ತಿದ್ರು, ನಾವೂ ಎತ್ತಿದ್ವಿ" ಎಂದ ಟ್ರಂಪೆಟ್ಟಿನವನು.

"ಮತ್ತೆ ನೀವು ಎಣಿಸ್ತಿರ್ಲಿಲ್ವಾ?"

ಟ್ರಂಪೆಟ್ಟಿನವನು ತನ್ನ ಶೂ ನೋಡಿಕೊಂಡ. "ಅಕ್ಕ ಎಣಿಸ್ತಾರಲ್ಲ ಮೇಷ್ಟ್ರೇ. ಮೊದಲಿನಿಂದಲೂ ಅವರೇ."

ಲೆಕ್ಕದಕ್ಕ ಎತ್ತಿದ್ದ ವಾದ್ಯವನ್ನು ಮಡಿಲಿಗೆ ಇಳಿಸಿದಳು. ಎಲ್ಲರೂ ಅವರವರ ಪಾಡಿಗೆ ಎಣಿಸಿಕೊಳ್ಳುತ್ತಾರೆ, ತಾನು ಮೂಲೆಯಲ್ಲಿ ಕೂತ ಒಬ್ಬಳು ಎಂದುಕೊಂಡಿದ್ದಳು. ಈ ಭೂಪರು ಹದಿನಾರು ವರ್ಷ ಅವಳ ಮೊಣಕೈ ನೋಡಿಕೊಂಡು ಹಾಯಾಗಿದ್ದರು!

ಎರಡನೆಯ ಸಲ ನಲವತ್ತಕ್ಕೇ ಲೆಕ್ಕ ತಪ್ಪಿತು. ಹನ್ನೆರಡು ಜೊತೆ ಕಣ್ಣು ಮೈಮೇಲೆ ನೆಟ್ಟಿದ್ದರೆ ಯಾರಿಗೆ ತಾನೇ ತಪ್ಪುವುದಿಲ್ಲ? ಅವಳೇ ಕೈ ಎತ್ತಿ ನಿಲ್ಲಿಸಿದಳು. ಆಗ ಮೂರೂ ಕಾಲು. ಡೋಲಿನವನ ಚೀಲ ಬಾಗಿಲ ಬಳಿ ಬಂದು ಕೂತಿತ್ತು. ಇನ್ನೊಂದೇ ಒಂದು ಸಲಕ್ಕೆ ಸಮಯ.

ಮೇಷ್ಟ್ರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಹೋಗ್ಲಿ ಬಿಡಿ. ಈ ಹಾಡು ಬಿಟ್ಟೇ ಆಲ್ಬಮ್ ತರೋಣ."

ನಾಲ್ಕು ವರ್ಷ ತೇಯ್ದ ಮನುಷ್ಯ ಹೀಗೆಂದದ್ದು ಕೇಳಿ ಅವಳು ವಾದ್ಯ ಕೆಳಗಿಟ್ಟಳು. ಎದ್ದು ನಿಂತಳು.

"ಬಿಡೋದು ಬೇಡ ಮೇಷ್ಟ್ರೇ. ಥಿಯೇಟರಲ್ಲಿ ಒಬ್ರೇ ಎಣಿಸಿದ್ರೆ ಅದು ಲೆಕ್ಕಾನೇ ಅಲ್ಲ. ನನಗೊಬ್ರು ಜೊತೆ ಬೇಕು." ಟ್ರಂಪೆಟ್ಟಿನವನತ್ತ ಬೆರಳು ತೋರಿಸಿದಳು. "ಇವರೇ ಬರಲಿ."

"ಅಯ್ಯೋ, ನಾನಾ? ಅಕ್ಕಾ, ನನಗೆ ನಾಲ್ಕರ ಮೇಲೆ ಎಣಿಸೋಕೇ ಬರಲ್ಲ!"

"ಇವತ್ತು ಕಲೀರಿ."

ಅವನು ಕುರ್ಚಿ ಎಳೆದು ಅವಳ ಪಕ್ಕ ಹಾಕಿಕೊಂಡ. ಬಾಯಿಬಿಟ್ಟು ಎಣಿಸುವಂತಿಲ್ಲ, ಮೈಕು ಇದೆ. ಹತ್ತು ಸುತ್ತಿಗೆ ಒಂದು ಬೆರಳು ಮಡಚುವುದು ಎಂದಾಯಿತು.

ಡೋಲು ಶುರುವಾಯಿತು. ಹತ್ತು, ಇಪ್ಪತ್ತು, ಇಬ್ಬರ ಬೆರಳೂ ಒಟ್ಟೊಟ್ಟಿಗೆ ಮಡಚಿಕೊಂಡವು. ಐವತ್ತಾಯಿತು. ಅರವತ್ತೂ ಆಯಿತು. ಡೋಲಿನವನಿಗೆ ಆವೇಶ ಬಂದಿತ್ತು. ಅವನ ಕೈ ಕಾಣುತ್ತಲೇ ಇರಲಿಲ್ಲ. ಆಮೇಲೆ ಟ್ರಂಪೆಟ್ಟಿನವನ ಏಳನೆಯ ಬೆರಳು ಮಡಚಿಕೊಂಡಿತು. ಅವಳದ್ದು ಮಡಚಿಕೊಳ್ಳಲಿಲ್ಲ.

ಅವಳ ಲೆಕ್ಕ ಅರವತ್ತೊಂಬತ್ತು. ಅವನೂ ನೋಡಿದ. ಅಕ್ಕನ ಲೆಕ್ಕ ತಪ್ಪುವುದುಂಟೇ? ಮಡಚಿದ ಬೆರಳನ್ನು ಮೆಲ್ಲಗೆ ಬಿಡಿಸಲು ಹೋದ.

ಅವಳು ಅವನ ಕೈ ಹಿಡಿದುಕೊಂಡಳು. ಬಿಡಿಸಬೇಡಿ ಎಂದು ತಲೆಯಾಡಿಸಿದಳು. ಎರಡು ಎಣಿಕೆಯಲ್ಲಿ ಒಂದು ಕಡಿಮೆ ಬಂದರೆ ಏನು ಅರ್ಥ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಪ್ಪತ್ತೆರಡು ವರ್ಷ ಡಾಕ್ಟರುಗಳಿಗೆ ಹೇಳಿದ್ದನ್ನು ಈಗ ತನಗೆ ತಾನೇ ಹೇಳಿಕೊಂಡಳು: ಒಂದು ಒಳಗಿದೆ. ತಾನು ಬಿಟ್ಟ ಆ ಒಂದು ಸುತ್ತನ್ನು ಸೇರಿಸಿಕೊಂಡು ತನ್ನ ಬೆರಳು ಮಡಚಿದಳು.

ಎಂಬತ್ತು, ತೊಂಬತ್ತು. ತೊಂಬತ್ತಾರರ ಕೊನೆಗೆ ಅವಳ ಮೊಣಕೈ ಎದ್ದಿತು. ಹದಿಮೂರು ವಾದ್ಯ ಎದ್ದವು, ಹದಿಮೂರು ಜನ ಉಸಿರು ಎಳೆದುಕೊಂಡರು. ಡೋಲಿನ ಮೊದಲ ಪೆಟ್ಟೂ ಅವಳ ಭೊಂಕಾರವೂ ಒಂದೇ ಕ್ಷಣಕ್ಕೆ ಬಿದ್ದು, ಕಾಲಡಿಯ ಹಲಗೆ ಅದುರಿತು. ಮೇಷ್ಟ್ರ ಬೆನ್ನು ಕುಲುಕಿದ್ದು ನಗುವಿಗೋ ಅಳುವಿಗೋ, ಯಾರೂ ಕೇಳಲಿಲ್ಲ.

ಹಾಡು ಮುಗಿದ ಮೇಲೆ ಟ್ರಂಪೆಟ್ಟಿನವನ ಅಂಗಿ ಬೆವರಿಗೆ ತೊಯ್ದಿತ್ತು.

"ಅಕ್ಕಾ, ಹದಿನಾರು ವರ್ಷ ಇದನ್ನ ಒಬ್ರೇ ಮಾಡಿದ್ರಾ?"

ಅವಳು ವಾದ್ಯ ಎತ್ತಿ ನೀರು ಬಿಟ್ಟಳು. ಈ ಸಲ ಯಾರೂ ಊದಲಿಲ್ಲ.

ಊದುವುದಕ್ಕೆ ಮುಂಚಿನ ಆ ಉಸಿರನ್ನು ಅಳಿಸಿಬಿಡೋಣ ಎಂದು ರೆಕಾರ್ಡಿಂಗ್‌ನವನು ಎಷ್ಟು ಹೇಳಿದರೂ ಮೇಷ್ಟ್ರು ಒಪ್ಪಲಿಲ್ಲ. ಆಲ್ಬಮ್ ಬಂದ ದಿನ ಅತ್ತೆ, ಊಟದ ಮೇಜಿನ ಮುಂದೆ ಕೂತು, ಕಣ್ಣು ಮುಚ್ಚಿ ಕೇಳಿದರು.

"ಯಾರೋ ಉಸಿರು ಎಳ್ಕೊಂಡ್ರಲ್ಲ, ನೀನಾ?"

"ಹದಿಮೂರು ಜನ ಅತ್ತೆ."

"ಹದಿಮೂರಾ? ಒಬ್ರದ್ದೇ ಅಂದ್ಕೊಂಡೆ." ಅತ್ತೆ ಎರಡೂ ಕೈ ಮೇಜಿನ ಮೇಲಿಟ್ಟು ಬೆರಳು ಬಿಡಿಸಿದರು. "ಇನ್ನೊಂದ್ಸಲ ಹಾಕು. ಈ ಸಲ ನಿನ್ನ ಜೊತೆ ನಾನೂ ಎಣಿಸ್ತೀನಿ."