ಸೋತ ಡಾಕ್ಟರರ ಸಂಜೆ ದವಾಖಾನೆ

ಮೊನ್ನೆ ಬೆಳಿಗ್ಗೆ ನಮ್ಮ ಬಿಲ್ಡಿಂಗಿನ ಗೋಡೆಗೆ ಯಾರೋ ಚುನಾವಣೆಯ ಪೋಸ್ಟರು ಅಂಟಿಸುತ್ತಿದ್ದರು. ಮೈದಾ ಅಂಟಿನ ಹುಳಿವಾಸನೆ ಎರಡನೆಯ ಮಹಡಿಯವರೆಗೂ ಬಂತು. ಸೊಸೆ ಕಿಟಕಿ ಮುಚ್ಚಿದಳು, ನಾನು ತೆರೆದೆ. ಕೆಲವರಿಗೆ ಮಲ್ಲಿಗೆಯ ಕಂಪಿನಿಂದ ಯೌವನ ನೆನಪಾಗುತ್ತದಂತೆ. ನನ್ನ ಪಾಲಿಗೆ ಬಂದದ್ದು ಈ ಅಂಟು.

ಐವತ್ತರ ದಶಕದ ಮಾತು. ಧಾರವಾಡದಿಂದ ಮುಂಬಯಿಗೆ ಬಂದು ಅಂಧೇರಿಯ ಆಫೀಸೊಂದರಲ್ಲಿ ಗುಮಾಸ್ತನಾಗಿದ್ದೆ. ವಾಸ ಜೋಗೇಶ್ವರಿಯ ಚಾಳಿನಲ್ಲಿ, ಒಂದೇ ಕೋಣೆಯ ಖೋಲಿಯಲ್ಲಿ. ಅಲ್ಲಿಯ ಮರಾಠಿ ಡಾಕ್ಟರರೊಬ್ಬರು ಯಾವ ಪಕ್ಷದ ಹಂಗೂ ಇಲ್ಲದೆ ಚುನಾವಣೆಗೆ ನಿಂತರು. ಅವರ ಭರವಸೆಗಳನ್ನು ಚಾಳಿನ ಕನ್ನಡಿಗರಿಗೆ ತಿಳಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಇಡೀ ಚಾಳಿಗೆ ಬಿ.ಎ. ಆದವನು ನಾನೊಬ್ಬನೇ. ಆ ಹೆಮ್ಮೆ ಎಷ್ಟಿತ್ತೆಂದರೆ, ಸಭೆಯ ದಿನ ಅಂಥ ಸೆಕೆಯಲ್ಲೂ ಕೋಟು ತೊಟ್ಟಿದ್ದೆ.

ಭಾನುವಾರ ಮಧ್ಯಾಹ್ನ ಅಂಗಳದಲ್ಲಿ ಜನ ಸೇರಿದರು. ಡಾಕ್ಟರರು ಪಕ್ಕದ ಕುರ್ಚಿಯಲ್ಲಿದ್ದರು. ‘ಪರೋಕ್ಷ ತೆರಿಗೆಯ ಭಾರವನ್ನು ತಗ್ಗಿಸಲು ಶ್ರಮಿಸಲಾಗುವುದು’ ಎಂದು ನಾನು ಗಂಟಲು ಸರಿಮಾಡಿಕೊಂಡು ಕರಪತ್ರದಿಂದ ಓದಿದೆ. ಯಾರ ಮುಖದಲ್ಲೂ ಏನೂ ಮೂಡಲಿಲ್ಲ. ಬಡವರಿಗೆ ಎಲ್ಲಿಯ ತೆರಿಗೆ ಎಂದು ಮುದುಕರೊಬ್ಬರು ಎದ್ದು ಹೊರಟರು.

ಅವರನ್ನು ತಡೆದವಳು ಗಂಗವ್ವ. ವಿಜಾಪುರದ ಕಡೆಯವಳು, ಅಂಗಿಯ ಗುಂಡಿ ಮಾಡುವ ಕಾರ್ಖಾನೆಯಲ್ಲಿ ಕೆಲಸ, ಓದು ಬರಹ ಇಲ್ಲ.

“ಮಾವಾ, ನೀ ಸಬಕಾರ ತಗೋತೀಯಲ್ಲ, ಅದರಾಗ ತೆರಿಗಿ ಕೂಡಿಸ್ಯಾರ. ಮೈ ತೊಳಕೊಂಡಾಗೆಲ್ಲ ಸರಕಾರಕ್ಕ ಕೊಟ್ಟಂಗ.”

ಅದಕ್ಕೇ ಮಾವ ಸ್ನಾನ ಬಿಟ್ಟಿರುವುದು ಎಂದು ಹಿಂದಿನಿಂದ ಯಾರೋ ಹೇಳಿದರು. ಅಂಗಳವೆಲ್ಲ ನಕ್ಕಿತು, ಮಾವನೂ ನಗುತ್ತ ಬಂದು ಕೂತರು. ಬೆಲೆ ಏಕೆ ಏರಿತೆಂದು ಅಂಗಡಿಯವನೊಡನೆ ಜಗಳವಾಡಿ ಆಕೆ ಇದನ್ನೆಲ್ಲ ತಿಳಿದುಕೊಂಡಿದ್ದಳಂತೆ. ನಾನು ಮೆಲ್ಲಗೆ ಕೋಟು ಬಿಚ್ಚಿದೆ.

ಆರೋಗ್ಯದ ವಿಷಯಕ್ಕೆ ಬಂದಾಗ ಧೈರ್ಯ ಮರಳಿತು. ಚಾಳಿನ ಹತ್ತಿರವೇ ಸರಕಾರಿ ದವಾಖಾನೆ ತರಿಸುತ್ತೇವೆ, ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಔಷಧ ಪುಕ್ಕಟೆ ಎಂದೆ. ಗಂಡಸರು ಚಪ್ಪಾಳೆ ತಟ್ಟಿದರು. ಗಂಗವ್ವ ತಟ್ಟಲಿಲ್ಲ.

“ನಮ್ಮ ಕಾರ್ಖಾನಿ ಗೇಟು ಮುಂಜಾನೆ ಎಂಟಕ್ಕ ಮುಚ್ಚಿ ಐದಕ್ಕ ತೆಗೀತಾರ್ರಿ. ನಮ್ಮ ಮಕ್ಕಳಿಗೆ ಜ್ವರ ಬರೂದು ಸೂಟಿ ದಿವಸ ಅಷ್ಟ ಏನ್ರಿ?”

ಅವಳ ಮಗಳು ಆಗಲೇ ನಾಲ್ಕು ದಿನದಿಂದ ಮಲಗಿದ್ದಳು. ರಜೆ ಕೇಳಿದರೆ ಕೆಲಸವೇ ಹೋಗುತ್ತದೆಂಬ ಭಯ ಗಂಗವ್ವನಿಗೆ. ನಾನು ಮಾತನ್ನು ಮರಾಠಿಗೆ ತಿರುಗಿಸಿದೆ. ಡಾಕ್ಟರರು ಎದ್ದು ಅವಳ ಖೋಲಿಗೆ ಹೋಗಿ ಮಗುವಿನ ನಾಡಿ ಹಿಡಿದರು. ಹೊರಗೆ ಬಂದು ಕರಪತ್ರದಲ್ಲಿ ಹತ್ತು, ನಾಲ್ಕು ಎಂಬ ಅಂಕಿಗಳನ್ನು ಹೊಡೆದುಹಾಕಿ, ಸಂಜೆ ಆರರಿಂದ ಎಂದು ಬರೆದರು.

ಚುನಾವಣೆಯಲ್ಲಿ ಅವರು ಸೋತರು, ಅದೂ ಚೆನ್ನಾಗಿಯೇ ಸೋತರು. ಸಮಾಧಾನ ಹೇಳಲು ಹೋಗಬೇಕೆಂದು ನಾನು ಮಾತು ಜೋಡಿಸಿಕೊಳ್ಳುತ್ತಿದ್ದಾಗ ಅವರೇ ಚಾಳಿಗೆ ಬಂದರು. ಸಂಜೆ ಆರು ಗಂಟೆ. ಚಾಳಿನ ಮುಂಭಾಗದ ಖೋಲಿಯಲ್ಲಿ ಮೇಜು ಹಾಕಿಸಿ, ಸ್ಟೆತಾಸ್ಕೋಪು ತೆಗೆದರು. ಸೋತದ್ದು ತಾನು, ಜ್ವರ ಇನ್ನೂ ಸೋತಿಲ್ಲ ಎಂದರು. ಮಗಳು ಗುಣವಾಗಿದ್ದರೂ ಗಂಗವ್ವ ಅವಳನ್ನೇ ಮೊದಲು ಕೂರಿಸಿದಳು. ಅಂದು ಸಾಲು ಮೆಟ್ಟಿಲಿನವರೆಗೆ ಇತ್ತು. ಹಬ್ಬವೇ ನಡೆದ ಹಾಗೆ ಹೆಂಗಸರು ಗಲಗಲ ಮಾತಾಡುತ್ತಿದ್ದರು.

ನಿನ್ನೆ ಸಂಜೆ ನಮ್ಮ ಬಿಲ್ಡಿಂಗಿನ ಮನೆಗೆಲಸದ ಹೆಂಗಸರಿಬ್ಬರು, ನಮ್ಮ ಕಡೆಯವರೇ, ಹೊಸ ಕರಪತ್ರ ಹಿಡಿದು, ಇದರಾಗ ಏನೈತಿ ಅಜ್ಜಾ ಎಂದು ಕೇಳಿದರು. ಕನ್ನಡಕ ತೆಗೆದು ಜೇಬಿಗಿಟ್ಟು ಮೆಟ್ಟಿಲ ಮೇಲೆ ಕುಳಿತೆ.

“ಓದೂದು ಆಮ್ಯಾಲೆ. ನಿಮಗ ಏನು ಬೇಕು, ಮೊದಲು ಅದನ್ನ ಹೇಳ್ರಿ.”

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಇಬ್ಬರೂ ಒಟ್ಟಿಗೇ ಶುರುಮಾಡಿದರು.