ಮೈದಾ ಅಂಟಿನ ಶಾಲೆ

ಮೊನ್ನೆ ಮಗಳ ಶಾಲೆಯ ಚಾರ್ಟಿಗೆ ಚಿತ್ರ ಅಂಟಿಸಬೇಕಿತ್ತು. ಮನೆಯಲ್ಲಿ ಗೋಂದು ಮುಗಿದಿತ್ತು. ಒಂದು ಹಿಡಿ ಮೈದಾ ನೀರಿನಲ್ಲಿ ಕದಡಿ ಒಲೆಯ ಮೇಲಿಟ್ಟೆ. ಅದು ಗಟ್ಟಿಯಾಗುತ್ತಾ ಬಂದಂತೆ ಬೆಂದ ಹಿಟ್ಟಿನ ವಾಸನೆ ಮೂಗಿಗೆ ಬಡಿಯಿತು, ದೊಡ್ಡಪ್ಪ ನೆನಪಾದರು. ಹಲ್ಲು ಕಚ್ಚಿಕೊಂಡೇ ಸೌಟು ತಿರುವಿದೆ.

ದೊಡ್ಡಪ್ಪನಿಗೆ ಹೊಸದುರ್ಗದಲ್ಲಿ ಪುಸ್ತಕ ಬೈಂಡಿಂಗ್ ಅಂಗಡಿಯಿತ್ತು. ಮೈದಾ ಕಾಯಿಸಿ, ಹುಳ ಹತ್ತದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ, ಬಕೆಟ್ಟುಗಟ್ಟಲೆ ಅಂಟು ಮಾಡುತ್ತಿದ್ದರು. ಅಪ್ಪ ತೀರಿಹೋದ ಮೇಲೆ ಅಮ್ಮ ಮತ್ತು ನಾನು ಅವರ ಮನೆ ಸೇರಿದ್ದೆವು. ದೊಡ್ಡಮ್ಮ ಮೊದಲೇ ತೀರಿಕೊಂಡಿದ್ದರಿಂದ ಅಮ್ಮನಿಗೆ ಅಡುಗೆಮನೆ ಸಿಕ್ಕಿತು, ನನಗೆ ಅಕ್ಕ ಸಿಕ್ಕಳು. ಅಕ್ಕ ಅಂದರೆ ದೊಡ್ಡಪ್ಪನ ಒಬ್ಬಳೇ ಮಗಳು, ನನಗಿಂತ ಹತ್ತು ತಿಂಗಳು ದೊಡ್ಡವಳು. ಇಬ್ಬರದೂ ಒಂದೇ ಕ್ಲಾಸು.

ಎಂಟನೇ ಕ್ಲಾಸಿನಲ್ಲಿದ್ದಾಗ ಶಾಲೆಯವರು ಹೊರಕೆರೆದೇವಪುರದ ದೇವಸ್ಥಾನಕ್ಕೆ ಟೂರ್ ಕರೆದೊಯ್ದರು. ಗೆಳತಿಯರೆಲ್ಲ ಹಣೆಗೆ ಕುಂಕುಮ ಇಟ್ಟುಕೊಂಡರು, ನಾವೂ ಇಟ್ಟುಕೊಂಡೆವು. ಒರೆಸಿಕೊಳ್ಳುವುದನ್ನು ಮರೆತು ಹಾಗೇ ಮನೆಗೆ ಬಂದೆವು. ಅಷ್ಟು ಸಾಕಾಯಿತು. ನಾವು ಕ್ರೈಸ್ತರು. ನಮ್ಮ ಸಭೆಯಲ್ಲಿ ಹೊರಗಿನದ್ದಕ್ಕೆಲ್ಲ ‘ಲೋಕದ್ದು’ ಅನ್ನುವುದು ರೂಢಿ.

“ಲೋಕದ ಶಾಲೆ ಸಾಕು. ನಾಳೆಯಿಂದ ಮನ್ಯಾಗೇ ಶಾಲೆ. ನಾನೇ ಮೇಷ್ಟ್ರು,” ಅಂದರು ದೊಡ್ಡಪ್ಪ.

ಮನೆಯಲ್ಲೇ ಕಲಿಸುವುದು ತಪ್ಪೆಂದು ನಾನು ಹೇಳುವುದಿಲ್ಲ. ಚಿತ್ರದುರ್ಗದಲ್ಲಿ ನಮ್ಮವರದೇ ಇನ್ನೊಂದು ಕುಟುಂಬ ಹಾಗೆ ಕಲಿಸಿತು. ಆ ತಾಯಿ ಮಕ್ಕಳ ಜೊತೆ ತಾನೂ ಕೂತು ಓದಿದಳು, ಗೊತ್ತಾಗದ್ದನ್ನು ನಾಲ್ಕು ಜನರ ಬಳಿ ಹೋಗಿ ಕೇಳಿದಳು. ದೊಡ್ಡಪ್ಪ ಕೇಳುವ ಪೈಕಿಯಲ್ಲ. ಅವರಿಗೆ ಮೇಷ್ಟ್ರಾಗುವ ಚಪಲವೊಂದೇ ಇದ್ದದ್ದು. ಪಡಸಾಲೆಯಲ್ಲಿ ನಿಂತು ಇಬ್ಬರು ಹುಡುಗಿಯರಿಗಾಗಿ ಗಂಟೆ ಬಾರಿಸುತ್ತಿದ್ದರು. ತಾವೇ ಬೈಂಡ್ ಮಾಡಿದ ದಪ್ಪ ರಿಜಿಸ್ಟರು ಹಿಡಿದು ಹಾಜರಿ ಕೂಗುತ್ತಿದ್ದರು. ಒಮ್ಮೆ ಅಕ್ಕ ಜ್ವರ ಬಂದು ಅಲ್ಲೇ ಮೂರು ಮೊಳ ದೂರದಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಮೂರು ಸಲ ಹೆಸರು ಕೂಗಿ, ಕನ್ನಡಕದ ಮೇಲಿಂದ ಅವಳನ್ನೇ ನೋಡಿ, ‘ಗೈರು’ ಎಂದು ಬರೆದುಕೊಂಡ ಮಹಾನುಭಾವ ಅವರು. ಬೀಜಗಣಿತ ಬಂದಾಗಲೆಲ್ಲ ಅವರಿಗೆ ಕೆಮ್ಮು ಬರುತ್ತಿತ್ತು.

“ಇದನ್ನ ನೀವೇ ಓದ್ಕಳ್ರಿ. ಪ್ರಾರ್ಥನೆ ಮಾಡಿ ಓದಿದ್ರೆ ತಲಿಗೆ ಹತ್ತತೈತೆ,” ಎಂದು ಅಂಗಡಿಗೆ ಎದ್ದು ಹೋಗುತ್ತಿದ್ದರು.

ಹಾಗೂ ಹೀಗೂ ಹತ್ತನೇ ಕ್ಲಾಸಿನ ಪರೀಕ್ಷೆಗೆ ಖಾಸಗಿಯಾಗಿ ಕಟ್ಟಿಸಲು ಒಪ್ಪಿದರು. ಪಾಸಾದರೆ ಮುಂದೆ ಓದು, ಫೇಲಾದರೆ ಮದುವೆ ಎಂಬುದು ಅವರ ತೀರ್ಮಾನ. ಅಕ್ಕನಿಗೆ ನರ್ಸ್ ಆಗುವ ಆಸೆ ಚಿಕ್ಕಂದಿನಿಂದ ಇತ್ತು. ನಿಜ ಹೇಳಬೇಕೆಂದರೆ ಆ ಆಸೆ ನನಗೆ ಬಂದದ್ದೇ ಅವಳ ಮಾತು ಕೇಳಿ ಕೇಳಿ...

ವಿಜ್ಞಾನದ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠವಿತ್ತು. ಹೆಣ್ಣುಮಕ್ಕಳಿಗೆ ಇಂಥದ್ದೆಲ್ಲ ಯಾಕೆ ಎಂದು ದೊಡ್ಡಪ್ಪ ಇಬ್ಬರ ಪುಸ್ತಕವನ್ನೂ ಅಂಗಡಿಗೆ ಒಯ್ದರು. ಪುಟಕ್ಕೆ ಪುಟ ಸೇರಿಸಿ ಅಂಟು ಬಳಿದು, ಭಾರ ಹೇರಿ ಒಣಗಿಸಿ ತಂದುಕೊಟ್ಟರು. ಕೆಲಸವೇನೋ ಅಚ್ಚುಕಟ್ಟು, ಉಗುರು ಕೂಡ ತೂರುತ್ತಿರಲಿಲ್ಲ. ಆದರೆ ಆ ಪಾಠ ಮುಗಿಯುವ ಪುಟದ ಎದುರಿಗೇ ವಿದ್ಯುತ್ತಿನ ಪಾಠ ಶುರುವಾಗುತ್ತಿತ್ತು. ಅದರ ಮೊದಲ ಪುಟವೂ ಅಂಟಿನೊಳಗೆ ಹೋಯಿತು. ಒಮ್ಮೆಯಾದರೂ ಪುಸ್ತಕ ಓದಿ ನೋಡುವ ಮೇಷ್ಟ್ರಾಗಿದ್ದರೆ ಅವರಿಗೆ ಗೊತ್ತಾಗುತ್ತಿತ್ತು.

ಒಂದು ಮಧ್ಯಾಹ್ನ ದೊಡ್ಡಪ್ಪ ಅಂಗಡಿಯಲ್ಲಿದ್ದರು, ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಾನು ಪುಸ್ತಕ ಹಿಡಿದು ಅಳುತ್ತಾ ಕೂತದ್ದನ್ನು ಅಮ್ಮ ನೋಡಿದಳು.

“ಲೇ, ಇಡ್ಲಿ ಪಾತ್ರೆ ಹಬೆಗೆ ಹಿಡಿಯೇ, ಬಿಟ್ಕಂತೈತೆ. ಯಾರಿಗೂ ಹೇಳ್ಬ್ಯಾಡ ಮತ್ತೆ.”

ಬಿಟ್ಟುಕೊಂಡಿತು. ಚಾಕುವಿನ ತುದಿಯಿಂದ ಒಂದೊಂದೇ ಪುಟ ಬಿಡಿಸಿ, ರುಬ್ಬುಗುಂಡಿನ ಅಡಿಗಿಟ್ಟು ಒಣಗಿಸಿದೆ. ಅಕ್ಕನಿಗೆ ಹೇಳಲಿಲ್ಲ. ಅವಳಿಗೆ ಅಪ್ಪನ ಮುಂದೆ ಸುಳ್ಳು ಹೇಳಲು ಬಾರದು, ವಿಷಯ ಹೊರಬಿದ್ದರೆ ನನಗೆ ಪರೀಕ್ಷೆ ಇಲ್ಲ, ಅಮ್ಮನಿಗೆ ನೆಲೆ ಇಲ್ಲ. ನನಗೆ ನಾನೇ ಹೇಳಿಕೊಂಡ ಕಾರಣ ಇದು.

ಪರೀಕ್ಷೆಯಲ್ಲಿ ಆ ಪುಟಗಳಿಂದಲೇ ಪ್ರಶ್ನೆಗಳು ಬಂದವು. ನನಗಿಂತ ಎರಡು ಬೆಂಚು ಮುಂದಿದ್ದ ಅಕ್ಕನ ಪೆನ್ನು ನಿಂತದ್ದು ಕಾಣುತ್ತಿತ್ತು. ನಾನು ತಲೆ ತಗ್ಗಿಸಿ ಬರೆದೆ. ಫಲಿತಾಂಶ ಬಂದಾಗ ನಾನು ಪಾಸು, ಅಕ್ಕ ವಿಜ್ಞಾನ ಒಂದರಲ್ಲಿ ಫೇಲು.

ಆ ಭಾನುವಾರ ದೊಡ್ಡಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಸಭೆಯಲ್ಲಿ ದೇವರ ಉಪಕಾರಕ್ಕೆ ಸಾಕ್ಷಿ ಹೇಳಲು ಎದ್ದು ನಿಂತರು. ನನ್ನ ಕಡೆ ಕೈ ತೋರಿಸಿ, “ನಮ್ ಮನೆ ಶಾಲಿಗೆ ದೇವ್ರು ಫಲ ಕೊಟ್ಟಾನೆ,” ಅಂದರು. ಜನ ‘ಸ್ತೋತ್ರ’ ಅಂದರು. ನನ್ನ ಪಕ್ಕದಲ್ಲೇ ಕೂತಿದ್ದ ಅಕ್ಕನ ಬಗ್ಗೆ ಅವರಾಗಲಿ ಜನರಾಗಲಿ ಒಂದು ಮಾತೂ ಆಡಲಿಲ್ಲ. ಪೂರಕ ಪರೀಕ್ಷೆಗೆ ಕಟ್ಟಿಸಿ ಎಂದು ಅಮ್ಮ ಕೇಳಿಕೊಂಡಾಗ, “ಅವಳ ಪಾಲಿಗೆ ದೇವ್ರ ಚಿತ್ತ ಬ್ಯಾರೆ ಐತೆ,” ಅಂದರು. ಪಾಸಾದದ್ದು ಇವರ ಶಾಲೆಯಿಂದ, ಫೇಲಾದದ್ದು ದೇವರಿಂದ! ಅವತ್ತಿನಿಂದ ಆ ಮನುಷ್ಯನ ಬಗ್ಗೆ ನನ್ನಲ್ಲಿ ಅಸಹ್ಯ ಬಿಟ್ಟು ಬೇರೇನೂ ಉಳಿಯಲಿಲ್ಲ. ವಯಸ್ಸು ತುಂಬಿದ ಕೂಡಲೇ ಅಕ್ಕನನ್ನು ಹಿರಿಯೂರಿಗೆ ಮದುವೆ ಮಾಡಿಕೊಟ್ಟರು. ನಾನು ಚಿತ್ರದುರ್ಗದಲ್ಲಿ ನರ್ಸ್ ಆದೆ.

ಹೋದ ವರ್ಷ ದೊಡ್ಡಪ್ಪ ತೀರಿಕೊಂಡರು. ಶಿಸ್ತಿನ ಮನುಷ್ಯ ಎಂದು ಎಲ್ಲರೂ ಹೊಗಳಿದರು. ನಾನು ಒಂದು ಹಿಡಿ ಮಣ್ಣು ಹಾಕಿ ಕೈ ಕೊಡವಿಕೊಂಡೆ. ಆಮೇಲೆ ಅಕ್ಕನೂ ನಾನೂ ಅಂಗಡಿ ಖಾಲಿ ಮಾಡುವಾಗ ಬೀರುವಿನಲ್ಲಿ ಅವಳ ವಿಜ್ಞಾನದ ಪುಸ್ತಕ ಸಿಕ್ಕಿತು. ಪುಟಗಳು ಹಾಗೇ ಅಂಟಿಕೊಂಡಿದ್ದವು. ನನಗೆ ತಡೆಯಲಾಗಲಿಲ್ಲ, ಇಡ್ಲಿ ಪಾತ್ರೆಯ ಕಥೆಯನ್ನೆಲ್ಲ ಹೇಳಿಬಿಟ್ಟೆ. ಅಕ್ಕ ಪುಸ್ತಕದ ಧೂಳು ಸೆರಗಿನಲ್ಲಿ ಒರೆಸುತ್ತಿದ್ದಳು.

“ಗೊತ್ತಿತ್ತು ಕಣೇ. ನಿನ್ ಪುಸ್ತಕ ಹಬೆ ಕುಡ್ದು ಉಬ್ಕಂಡಿತ್ತು. ಇವತ್ತು ಕರೀತಾಳೆ, ನಾಳೆ ಕರೀತಾಳೆ ಅಂತ ಪರೀಕ್ಷೆ ತಂಕ ಕಾದೆ.”

ಒಲೆಯ ಮೇಲಿನ ಅಂಟು ತಳ ಹಿಡಿದಿತ್ತು. ಮಗಳು ಮೂಗು ಮುಚ್ಚಿಕೊಂಡು ಬಂದು ಏನಾಯಿತಮ್ಮ ಅಂದಳು. ಏನು ಹೇಳಲಿ... ದೊಡ್ಡಪ್ಪ ಅಂಟಿಸಿದ್ದನ್ನು ಬಿಡಿಸಲು ನನಗೆ ಒಂದು ಮಧ್ಯಾಹ್ನ ಸಾಕಾಗಿತ್ತು. ಅಕ್ಕನ ಪುಸ್ತಕಕ್ಕೂ ಅಷ್ಟೇ ಸಾಕಾಗುತ್ತಿತ್ತು.